ಕೊಡ್ತೀಯಾ ಎಂದು ಯಾರೂ ಕೇಳಲಿಲ್ಲ

"ಸೊಸೆ ಇದ್ದಾಳಲ್ಲ, ಕೊಡ್ತಾಳೆ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

ಅತ್ತೆ ಹೀಗೆಂದದ್ದು ಊಟದ ಮೇಜಿನ ಮುಂದೆ, ಸೊಸೆಗೆ ಬೆನ್ನು ಹಾಕಿ ಕುಳಿತು. ಕೊಡಬೇಕಾದದ್ದು ಬಟ್ಟಲೋ ಬೀಗದ ಕೈಯೋ ಆಗಿದ್ದರೆ ಮಾತು ಬೇರೆ. ಅತ್ತೆಯ ಎರಡೂ ಕಿಡ್ನಿಗಳು ಕೆಟ್ಟಿದ್ದವು. ಕೊಡಬೇಕಾಗಿದ್ದದ್ದು ಸೊಸೆಯ ಒಂದು ಕಿಡ್ನಿ. ಹೆತ್ತ ಮಕ್ಕಳಿಬ್ಬರೂ ಎದುರಿಗೇ ಕೂತು ಉಣ್ಣುತ್ತಿದ್ದರು.

"ನನ್ನ ಮಕ್ಕಳ ಮೈಗೆ ಕತ್ತಿ ತಾಗೋದು ಬೇಡ. ಇವಳು ಗಟ್ಟಿಮುಟ್ಟಾಗಿದ್ದಾಳೆ," ಎಂದರು ಅತ್ತೆ. ಹಿರಿಯ ಮಗ, ಅಂದರೆ ಅವಳ ಗಂಡ, ತಟ್ಟೆಯಿಂದ ತಲೆ ಎತ್ತಲಿಲ್ಲ. ಮೈದುನ ಮಾತ್ರ, "ಅತ್ತಿಗೆ ಯಾವತ್ತಾದ್ರೂ ಇಲ್ಲ ಅಂದಿದ್ದಾರಾ?" ಎಂದು ನಕ್ಕ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಕೆಲಸಕ್ಕೆ ಹೋಗುತ್ತಿದ್ದ ಬೇಕರಿಯ ದೊಡ್ಡ ಒಲೆಯ ಮುಂದೆ ಅವಳದೇ ಮಾತು ನಡೆಯುತ್ತಿತ್ತು. ಬ್ರೆಡ್ಡು ಯಾವಾಗ ಹೊರಗೆ ಬರಬೇಕು, ಯಾವ ಹಿಟ್ಟು ಇನ್ನೂ ಉಬ್ಬಬೇಕು ಎಂದು ಅವಳು ಹೇಳಿದರೆ ಮಾಲೀಕನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅದೇ ಹೆಂಗಸು ಮನೆಯ ಹೊಸ್ತಿಲು ದಾಟಿದರೆ ಕೋಲೆ ಬಸವ. ಕಿಟಕಿಯ ಪರದೆಯ ಬಣ್ಣವನ್ನೂ ಅತ್ತೆಯೇ ಹೇಳಬೇಕು. ಒಮ್ಮೆ ವೈದ್ಯರು, "ಹೊಟ್ಟೆ ಎಲ್ಲಿ ನೋಯುತ್ತಮ್ಮಾ?" ಎಂದು ಇವಳನ್ನು ಕೇಳಿದರೆ ಅದಕ್ಕೂ ಅತ್ತೆಯೇ ಉತ್ತರ ಕೊಟ್ಟಿದ್ದರು. ಬಾಯಿ ಸತ್ತವಳು ಎಂದು ನೆಂಟರು ಹೊಗಳುತ್ತಿದ್ದರು, ಅದನ್ನು ಹೊಗಳಿಕೆ ಎನ್ನುವುದಾದರೆ.

ಹಾಗಾಗಿ ರಕ್ತ ಕೊಡು ಎಂದಾಗ ಕೊಟ್ಟಳು, ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗು ಎಂದಾಗ ಮಲಗಿದಳು. ಎಲ್ಲವೂ ಹೊಂದಿಕೆಯಾಯಿತು. ಆದರೆ ಅವಳಿಗೆ ಕೊಡಲು ಮನಸ್ಸಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಒಳ್ಳೆಯ ಮಾತಾಡದವರಿಗೆ ತನ್ನ ಮೈಯನ್ನೇ ಕೊಯ್ದು ಕೊಡಬೇಕೇ... ಎಂದುಕೊಂಡ ಮರುಕ್ಷಣವೇ, ತಾನೆಂಥ ಪಾಪಿ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆಪರೇಷನ್ನಿಗೆ ದಿನ ಗೊತ್ತುಮಾಡುವ ಮುನ್ನ ಡಾಕ್ಟರಮ್ಮ ಉಳಿದವರನ್ನೆಲ್ಲ ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದರು.

"ನಿಮಗೆ ಕೊಡೋಕೆ ಇಷ್ಟ ಇದೆಯಾ?"

ಸೊಸೆ ತಿರುಗಿ ಬಾಗಿಲ ಕಡೆ ನೋಡಿದಳು. ಉತ್ತರ ಅತ್ತೆಯಿಂದ ಬರುವುದೇ ಅವಳಿಗೆ ರೂಢಿ. ಬಾಗಿಲು ಮುಚ್ಚಿತ್ತು.

"ನಾನು ನಿಮ್ಮನ್ನೇ ಕೇಳ್ತಿರೋದು."

"ಇದುವರೆಗೂ ಯಾರೂ ಕೇಳ್ಲಿಲ್ಲ ಮೇಡಂ..." ಎನ್ನುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಇಷ್ಟ ಇಲ್ಲ," ಎಂದಳು.

"ಸರಿ. ನಿಮ್ಮ ಆರೋಗ್ಯಕ್ಕೆ ಆಗಲ್ಲ ಅಂತ ನಾನೇ ಹೇಳ್ತೀನಿ. ನಿಜವಾದ ಕಾರಣ ಯಾರಿಗೂ ಗೊತ್ತಾಗಲ್ಲ."

ಹಾವೂ ಸಾಯದು, ಕೋಲೂ ಮುರಿಯದು. ಇದಕ್ಕಿಂತ ಸುಲಭದ ದಾರಿ ಇನ್ನೇನಿದೆ? ಆದರೆ ಅವಳು ಕುರ್ಚಿಯಿಂದ ಏಳಲಿಲ್ಲ. ಇವತ್ತು ಡಾಕ್ಟರಮ್ಮನ ಬಾಯಿ ಎರವಲು ತಂದರೆ ನಾಳೆ ಯಾರದ್ದು ತರುವುದು? ಅತ್ತೆಯ ಬದಲು ಇನ್ನೊಬ್ಬರು ತನ್ನ ಪರವಾಗಿ ಮಾತಾಡಿದಂತಾಯಿತು, ಅಷ್ಟೇ.

"ಬೇಡ ಮೇಡಂ. ನಾನೇ ಹೇಳ್ತೀನಿ."

ಹೊರಗೆ ಬೆಂಚಿನ ಮೇಲೆ ಮೂವರೂ ಇದ್ದರು. "ಯಾವತ್ತಂತೆ?" ಎಂದ ಗಂಡ.

"ನಾನು ಕೊಡಲ್ಲ. ಆರೋಗ್ಯ ಎಲ್ಲ ಚೆನ್ನಾಗೇ ಇದೆ. ಆದ್ರೆ ನನಗಿಷ್ಟ ಇಲ್ಲ."

ಗಂಡ ಕೆಂಡಾಮಂಡಲವಾದ. "ಉಂಡ ಮನೆಗೆ ಎರಡು ಬಗೀತೀಯಾ? ನಮ್ಮಮ್ಮ ಸತ್ರೆ ನೀನೇ ಕೊಂದ ಹಾಗೆ."

"ನಿಮ್ಮಮ್ಮ ತಾನೇ? ಒಳಗೆ ಹೋಗಿ ನಿಮ್ಮ ರಕ್ತ ಪರೀಕ್ಷೆ ಮಾಡಿಸಿ."

"ನಾನು ದುಡಿಯೋ ಗಂಡಸು..."

"ನಾನೇನು ಮನೇಲಿ ಮಲಗಿರ್ತೀನಾ?"

"ಅತ್ತಿಗೆಗೆ ಯಾರೋ ಚೆನ್ನಾಗಿ ಕಿವಿ ಊದಿದ್ದಾರೆ," ಎಂದ ಮೈದುನ. ಈ ಸಲ ಅವನು ನಗಲಿಲ್ಲ.

ಅತ್ತೆ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಬಾತುಕೊಂಡ ಕಣ್ಣುಗಳಿಂದ ಸೊಸೆಯನ್ನೇ ನೋಡಿದರು. ಹೇಳಿಯೇ ಗೊತ್ತು, ಸೊಸೆಯನ್ನು ಕೇಳಿ ಗೊತ್ತಿಲ್ಲದ ಹೆಂಗಸು ಅವರು.

"ಕೊಡ್ತೀಯೇನೇ?"

ಹೂಂ ಎನ್ನುವ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದು ನಿಂತಿತು. ಇದೇ ಮಾತನ್ನು ಅಂದು ಮೇಜಿನ ಮುಂದೆ ಕೇಳಿದ್ದರೆ ಏನನ್ನುತ್ತಿದ್ದಳೋ... ಅವಳಿಗೇ ತಿಳಿಯದು.

"ಇಲ್ಲ ಅತ್ತೆ."

ಅತ್ತೆ ಹಿರಿಯ ಮಗನ ಕಡೆ ತಿರುಗಿದರು. ಅವನು ಬೂಟಿನ ದಾರ ಕಟ್ಟಲು ಬಗ್ಗಿದ. ಕಿರಿಯವನ ಕಡೆ ತಿರುಗಿದರು. ಅವನು ಫೋನ್ ಬಂತೆಂದು ಎದ್ದು ಹೋದ. ಫೋನಿನ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಆ ತಾಯಿ ಬೆಂಚಿನ ಮೇಲೆ ಅವನು ಕೂತಿದ್ದ ಖಾಲಿ ಜಾಗವನ್ನೇ ನೋಡಿದರು. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

"ಹಾಗಿದ್ರೆ ರಕ್ತ ತೊಳೆಯೋ ಯಂತ್ರವೇ ಗತಿ," ಎಂದು ಏಳಲು ಹೋಗಿ ತಡವರಿಸಿದರು. ಸೊಸೆ ತೋಳು ಹಿಡಿದಳು. ಅತ್ತೆ ಕೊಡವಿದರು.

"ಮುಟ್ಟಬೇಡ. ನಿನ್ನ ಮುಖ ನೋಡೋಕೂ ನನಗಾಗಲ್ಲ."

"ನೋಡ್ಬೇಡಿ. ಆದ್ರೆ ಯಂತ್ರಕ್ಕೆ ಪ್ರತಿ ಸಲ ನಾನೇ ಕರ್ಕೊಂಡು ಬರ್ತೀನಿ."

"ಹಾಗಂತ ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳ್ಲಿಲ್ಲ."

ಮೆಟ್ಟಿಲುಗಳು ಬಂದಾಗ ಅತ್ತೆ ಸೊಸೆಯ ಭುಜದ ಮೇಲೆ ತಮ್ಮ ಭಾರವನ್ನೆಲ್ಲ ಹಾಕಿ, ಮುಖವನ್ನು ಮಾತ್ರ ಆ ಕಡೆ ತಿರುಗಿಸಿಕೊಂಡು, ಒಂದೊಂದಾಗಿ ಇಳಿದರು.