ಅನ್ನ ಉಂಡ ಕೈ

ಒಂದು ಬೆಟ್ಟವಿತ್ತಂತೆ, ಬೆಟ್ಟಕ್ಕೊಂದು ಕೋಟೆ, ಕೋಟೆಗೊಬ್ಬ ಪಾಳೇಗಾರ, ಅವನ ಬಾಗಿಲಿಗೊಬ್ಬ ಕಾವಲುಗಾರ. ಮಡಕಶಿರಾದ ನನ್ನಜ್ಜಿ ಕದರಮ್ಮ ನನ್ನ ತಲೆಗೆ ಹರಳೆಣ್ಣೆ ತಿಕ್ಕುತ್ತ ಈ ಕತೆಯನ್ನು ಹೀಗೇ ಶುರುಮಾಡುತ್ತಿದ್ದಳು. ಪಾಳೇಗಾರ ಚಿತ್ತಪ್ಪನಾಯಕ ಮಲಗಿದ್ದಾಗ ಕಾವಲುಗಾರ ಎಡಗೈಯಿಂದ ಅಗುಳಿ ಸರಿಸಿ ವೈರಿಗಳನ್ನು ಒಳಗೆ ಬಿಟ್ಟ. ಸಾಯುವ ಮುನ್ನ ನಾಯಕ ಆ ಕೈಯನ್ನು ಕಡಿದುಹಾಕಿದ. ಸತ್ತ ಮೇಲೂ ಕತ್ತಿ ಕೆಳಗಿಡಲಿಲ್ಲ. ರಾಯದುರ್ಗದಲ್ಲಾಗಲಿ ಮಡಕಶಿರಾದಲ್ಲಾಗಲಿ, ದ್ರೋಹಿ ಬೆಟ್ಟ ಹತ್ತಿದರೆ ಅವನು ಬರುತ್ತಾನೆ.

ಹಾಗಾಗಿ, ರಾಯದುರ್ಗದ ಬೆಟ್ಟದ ಮೇಲೆ ಉಮಾಮಹೇಶ್ವರನ ಹೆಣ ಕೈ ಕಡಿದ ಸ್ಥಿತಿಯಲ್ಲಿ ಸಿಕ್ಕಿತೆಂದು ಕೇಳಿದಾಗ ನನಗೆ ಭಯವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ.

ಉಮಾಮಹೇಶ್ವರನನ್ನು ಅರಿಯದವರು ಊರಲ್ಲಿರಲಿಲ್ಲ. ಹೆಸರಾಂತ ರಾಜರ, ಪಾಳೇಗಾರರ ದೆವ್ವಗಳು ಓಡಾಡುತ್ತವೆ ಎನ್ನುವ ಜಾಗಗಳಿಗೆ ಹೋಗಿ ವಿಡಿಯೋ ಮಾಡುತ್ತಿದ್ದ. ಪ್ರತಿ ವಿಡಿಯೋ ಒಬ್ಬ ಹೆಣ್ಣಿನ ಚೀರಾಟದಿಂದ ಶುರುವಾಗುತ್ತಿತ್ತು. ಊರ ಹುಡುಗರ ಫೋನುಗಳಲ್ಲೆಲ್ಲ ಅದೇ ರಿಂಗ್‌ಟೋನು.

ನಾನಾಗ ವಕೀಲೆ ಬಸವರಾಜೇಶ್ವರಿಯವರ ಕೈಕೆಳಗೆ ಜೂನಿಯರ್ ಆಗಿದ್ದೆ. ಅವರ ಮನೆಯ ಮಹಡಿಯಲ್ಲೇ ವಾಸ. ಊರಿಗೆಲ್ಲ ಅವರು ಅಮ್ಮಾರು. ಬಿಡಿಸಲಾಗದ್ದೇನಾದರೂ ನಡೆದರೆ ಜನ ಸ್ಟೇಷನ್‌ಗಿಂತ ಮೊದಲು ಅವರ ಪಡಸಾಲೆಗೆ ಬರುತ್ತಿದ್ದರು. ಅಂದು ಬೆಳಿಗ್ಗೆ ಅವರು ವಗ್ಗಾಣಿಗೆ ಮಿರ್ಚಿ ನಂಜಿಕೊಳ್ಳುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಭುವನಾ ಬಂದಳು. ಕಂಕುಳಲ್ಲಿ ಕೂಸು, ಹಣೆಯಲ್ಲಿ ಕಲ್ಲೇಟಿನ ಹಸಿ ಗಾಯ.

ಅವಳ ಗಂಡ ಎರ್ರಿಸ್ವಾಮಿ ಎಳನೀರು ಮಾರುತ್ತಿದ್ದ, ಉಮಾಮಹೇಶ್ವರನಿಗೆ ಕ್ಯಾಮೆರಾ ಹಿಡಿಯುತ್ತಿದ್ದ. ಕೊಲೆಗೆ ಬಳಸಿದ್ದು ಅವನ ಅಂಗಡಿಯ ಮಚ್ಚು. ಹಿಂದಿನ ದಿನವಷ್ಟೇ ಉಮಾಮಹೇಶ್ವರ ಸಂತೆಯೆದುರು ಅವನ ಕಪಾಳಕ್ಕೆ ಹೊಡೆದಿದ್ದ. ಪೊಲೀಸರು ಅವನನ್ನು ಒಯ್ದರು. ಸತ್ತವನ ಕಡೆಯವರು ಅವನ ಮನೆಗೆ ಕಲ್ಲು ತೂರಿದರು, ಬೆಂಕಿ ಇಡುತ್ತೇವೆಂದು ಕೂಗಿ ಹೋದರು.

"ನನ್ನ ಗಂಡ ಮಾಡಿಲ್ರಿ ಅಮ್ಮಾರ. ಇದು ನಾಯಕರ ಕೆಲಸ. ಅವರು ಅನ್ನ ಉಂಡ ಕೈ ತಗಂತಾರ್ರಿ, ಎಲ್ಲಾರಿಗೂ ಗೊತ್ತೈತಿ," ಎಂದಳು ಭುವನಾ.

ಅಮ್ಮಾರು ತಟ್ಟೆ ಪಕ್ಕಕ್ಕಿಟ್ಟರು. "ಮನಿಗೆ ಹೋಗಿ ಒಳಗ ಅಗುಳಿ ಹಾಕ್ಕೋ. ಯಾರು ಕರದ್ರೂ ತಗೀಬ್ಯಾಡ. ನಿನ್ನ ಗಂಡನ್ನ ನಾನು ಬಾಗಿಲ ಮುಂದ ತಂದು ನಿಲ್ಲಿಸ್ತೀನಿ. ಅವನು ಕರದಾಗ ತಗಿ."

ಸ್ಟೇಷನ್ನಿನಲ್ಲಿ ಎಸ್‌ಐ ವೆಂಕಟಪ್ಪ ತಮ್ಮ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದರು. ಕೋಟೆಬಾಗಿಲಲ್ಲಿ ಹೆಣ ಅಂಗಾತ ಬಿದ್ದಿತ್ತು. ಹಿಂದಿನಿಂದ ಬಿದ್ದ ಏಟಿಗೆ ಬುರುಡೆ ಎಳನೀರಿನಂತೆ ಸೀಳಿತ್ತು. ಎಡ ಮುಂಗೈ ಇರಲೇ ಇಲ್ಲ. ಕಡಿದ ಎಲುಬಿನ ತುದಿ ಬೆಳ್ಳಗೆ ಕಾಣುತ್ತಿತ್ತು. ತಲೆಯಿಂದ ಹರಿದ ರಕ್ತ ಅಂಗಿಯ ಎಡ ಮಗ್ಗುಲಿಗೆಲ್ಲ ಇಂಗಿ ಕಪ್ಪಾಗಿತ್ತು. ಬಲ ಮಗ್ಗುಲಿಗೆ ರಕ್ತ ಹೆಚ್ಚು ತಾಗಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಅಮ್ಮಾರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

ಉಮಾಮಹೇಶ್ವರನನ್ನು ಬಿಟ್ಟರೆ ಅಂದು ನಸುಕಿನಲ್ಲಿ ಬೆಟ್ಟ ಹತ್ತಿದವರು ಮೂವರು ಮಾತ್ರ: ಎರ್ರಿಸ್ವಾಮಿ, ಸತ್ತವನ ಹೆಂಡತಿ ಶಿವಲೀಲಾ, ದೆವ್ವದ ವೇಷ ಹಾಕುವ ನಾಗಾರ್ಜುನ. ಚಿತ್ತಪ್ಪನಾಯಕನ ವಿಡಿಯೋ ಶುರುಮಾಡಲು ಹೋಗಿದ್ದರು. ಮೂವರೂ ಒಬ್ಬೊಬ್ಬರಾಗಿ, ಹಿಂದುಮುಂದಾಗಿ ಹತ್ತಿದ್ದರು. ಮಚ್ಚು ಹಿಂದಿನ ಸಂಜೆಯೇ ಅಂಗಡಿಯಿಂದ ಕಳೆದುಹೋಗಿತ್ತೆಂದು ಎರ್ರಿಸ್ವಾಮಿ ಹೇಳಿದ್ದನ್ನು ಯಾರೂ ನಂಬಿರಲಿಲ್ಲ.

ಶಿವಲೀಲಾಳ ಮನೆಗೆ ಹೋದಾಗ ನಾಗಾರ್ಜುನನೂ ಅಲ್ಲಿದ್ದ. ಬಲಗೈಯಿಂದ ಚಹಾ ಸುರಿದುಕೊಟ್ಟ. ತಾನು ಸಿರುಗುಪ್ಪದವನು, ಈ ತಂಡಕ್ಕೆ ಹೊಸಬ, ಕಲ್ಯಾಣದುರ್ಗ ದಾಟಿ ಆಚೆ ಹೋದವನೇ ಅಲ್ಲ ಎಂದ. ಅಮ್ಮಾರು ನನ್ನ ಫೋನಿನಲ್ಲಿ ಒಂದು ವಿಡಿಯೋ ಹಾಕಿಸಿದರು. ಚೀರಾಟ ಕೇಳಿದ್ದೇ ಅವನೆದ್ದು ಅಂಗಳಕ್ಕೆ ಹೋದ. ಆ ಕೂಗು ಎಲ್ಲಿಂದ ಬಂತೆಂದು ಶಿವಲೀಲಾಳಿಗೂ ತಿಳಿದಿರಲಿಲ್ಲ.

ಹಿಂತಿರುಗುವಾಗ ದಾರಿ ಸವೆಯಲೆಂದು ಅಜ್ಜಿಯ ಕತೆಯನ್ನು ಅಮ್ಮಾರಿಗೆ ಹೇಳಿದೆ. ಅವರು ನಡುಬೀದಿಯಲ್ಲಿ ನಿಂತುಬಿಟ್ಟರು.

"ಸುಮಾ, ಇನ್ನೊಮ್ಮಿ ಹೇಳು. ಅಜ್ಜಿ ಹೆಂಗ ಹೇಳ್ತಿದ್ಲೋ ಹಂಗ."

ಹೇಳಿದೆ. ಮರುದಿನವೇ ನಾವು ಮಡಕಶಿರಾದ ಬಸ್ಸು ಹತ್ತಿದೆವು.

ಅಜ್ಜಿ ಕತೆಯನ್ನು ಒಂದಕ್ಷರವೂ ಬದಲಿಸದೆ ಒಪ್ಪಿಸಿದಳು. ನಾಯಕನ ಹೆಸರಲ್ಲಿ ಈಚೆಗೆ ನಿಜವಾಗಿಯೇ ಒಂದು ಜೀವ ಹೋಯಿತೆಂದು ಹೇಳಿ ತಿಮ್ಮರಾಜುವಿನ ಮನೆ ತೋರಿಸಿದಳು. ಆತ ಹಿಪ್ಪುನೇರಳೆ ಸೊಪ್ಪು ತುಂಬಿದ ಬುಟ್ಟಿ ಇಳಿಸಿ ಕೂತ. ಹೋದ ವರ್ಷ ಮಗಳು ವನಿತಾ ಮೇಕೆ ಹುಡುಕಿ ಬೆಟ್ಟ ಹತ್ತಿದ್ದಳು. ಬಂಡೆಯ ಮರೆಯಿಂದ ದೆವ್ವದ ವೇಷದ ಯಾರೋ ಮೇಲೆ ಎಗರಿದ. ಬೆದರಿ ಓಡಿದವಳು ಕೆಳಕ್ಕುರುಳಿ ಕಲ್ಲಿಗಪ್ಪಳಿಸಿದಳು. ದೂರದಲ್ಲಿ ದನ ಕಾಯುತ್ತಿದ್ದವರು ಕಂಡಿದ್ದು ಅಷ್ಟೇ.

"ಆಮೇಲೆ ಯಾರ್ದೋ ಫೋನ್ನಾಗೆ ನನ್ ಮಗಳ ಕೂಗು ಕೇಳಿಸ್ತು ಕಣಮ್ಮ. ಅದನ್ನ ಕೇಳಿದ ದಿನಾನೇ ನನ್ ಮಗ ಊರ್ ಬಿಟ್ಟ," ಎಂದ ತಿಮ್ಮರಾಜು.

ಅಮ್ಮಾರು ಅವನೊಡನೆ ಒಂದಿಷ್ಟು ಮಾತಾಡಿದರು. ನಾನು ಬೆಟ್ಟ ನೋಡುತ್ತ ನಿಂತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಮಾರನೆಯ ಸಂಜೆ ಅಮ್ಮಾರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಎರ್ರಿಸ್ವಾಮಿಯನ್ನು ವೆಂಕಟಪ್ಪ ಬೇಡಿಯಲ್ಲೇ ಕರೆತಂದಿದ್ದರು. ತಲೆಬಾಗಿಲಿಗೆ ಹಳೆಯ ಮರದ ಅಗುಳಿ ಹಾಕಿತ್ತು. ನಾಯಕನ ಕಾವಲುಗಾರ ಅಗುಳಿ ತೆಗೆದದ್ದು ಹೇಗೆಂದು ಒಬ್ಬೊಬ್ಬರಾಗಿ ಆಡಿ ತೋರಿಸಬೇಕೆಂದರು ಅಮ್ಮಾರು. ಇದೇನು ನಾಟಕ ಎಂದು ವೆಂಕಟಪ್ಪ ಗೊಣಗಿದರು.

ಎರ್ರಿಸ್ವಾಮಿ ಬೇಡಿ ತೊಟ್ಟ ಕೈಗಳನ್ನೆತ್ತಿ ಬಲಗೈ ಚಾಚಿದ. ಶಿವಲೀಲಾ ಬಲಗೈಯಿಂದಲೇ ಸರಿಸಿದಳು. ನಾಗಾರ್ಜುನ ನಗುತ್ತ ಎದ್ದು ಬಂದು, ಎಡಗೈಯಿಂದ ಅಗುಳಿ ಎಳೆದ.

"ಚಹಾ ಬಲಗೈಲೆ ಕೊಟ್ಟಿ. ಇದಕ್ಕ ಯಾಕ ಎಡಗೈ?" ಎಂದರು ಅಮ್ಮಾರು.

ಅವನು ಕೈಗೆ ಬಂದ ಅಗುಳಿಯನ್ನು ತಿರುಗಿಸಿ ನೋಡಿದ.

"ಈ ಊರಾಗ ನಾಯಕ ಅನ್ನ ಉಂಡ ಕೈ ಕಡೀತಾನ. ಭುವನಾನೂ ಹಂಗ ಅಂದ್ಲು. ಉಂಬೋದು ಬಲಗೈಲೆ, ಹೆಣಕ್ಕ ಬಲಗೈ ಐತಿ. ಎಲ್ಲಾರೂ ರಕ್ತ ನೋಡಿದ್ರು, ಕೈ ನೋಡಲಿಲ್ಲ."

"ಅವಸರದಾಗ ಸಿಕ್ಕ ಕೈ ಕಡದಿರ್ತಾನ್ರಿ ಇವನು," ಎಂದು ನಾಗಾರ್ಜುನ ಎರ್ರಿಸ್ವಾಮಿಯತ್ತ ನೋಡಿದ.

"ಸಿಗೋ ಹಂಗ ಇದ್ದಿದ್ದು ಬಲಗೈ. ಉಮಾಮಹೇಶ್ವರ ಎಡಮಗ್ಗುಲಿಗೆ ಬಿದ್ದು ಸತ್ತ; ರಕ್ತ ಎಲ್ಲಾ ಆ ಕಡಿ ಇಂಗಿತ್ತು. ಬಲಗೈ ಮ್ಯಾಲಿತ್ತು. ಕೊಂದವನು ಹೆಣ ಹೊರಳಿಸಿ, ಅಡಿಯಾಗಿದ್ದ ಎಡಗೈ ಎಳದು ಕಡದಾನ. ಯಾಕ? ಅವನು ಕೇಳಿ ಬೆಳದ ಕತಿಯೊಳಗ ಎಡಗೈಯೇ ದ್ರೋಹಿ. ಆ ಕತಿ ಇರೋದು ಮಡಕಶಿರಾದಾಗ. ಅದನ್ನ ನಮ್ಮ ಸುಮಾಳ ಅಜ್ಜಿ ಹೇಳಿದ್ಲು. ಮಡಕಶಿರಾ ಕಲ್ಯಾಣದುರ್ಗದ ಆಚಿ ಐತಿ, ನೀನು ಆ ಕಡಿ ಹೋಗೇ ಇಲ್ಲ ಅಂದಿ. ಆದ್ರ ಆ ಚೀರಾಟ ಕೇಳಿ ಕುಂದ್ರಾಕ ಆಗಲಿಲ್ಲ ನಿನಗ."

ಒಳಕೋಣೆಯ ಬಾಗಿಲು ತೆರೆಯಿತು. ತಿಮ್ಮರಾಜು ಹೊಸ್ತಿಲಲ್ಲಿ ನಿಂತು ನಾಗಾರ್ಜುನನತ್ತ ನೋಡಿದ.

"ನರಸಪ್ಪಾ, ಬೇರೇರ ಮಗನ್ನ ಯಾಕ್ಲಾ ಸಾಯಾಕ್ ಬಿಟ್ಟೆ?"

ಅಗುಳಿ ಇನ್ನೂ ಮಗನ ಕೈಯಲ್ಲೇ ಇತ್ತು. ಅದನ್ನು ಬಲಗೈಗೆ ಬದಲಿಸಿ ಅವನು ಶಿವಲೀಲಾಳತ್ತ ಎರಗಿದ. ಅಡ್ಡ ಬಂದ ವೆಂಕಟಪ್ಪನವರ ಹುಬ್ಬು ಸೀಳಿ ರಕ್ತ ನನ್ನ ಸೆರಗಿಗೆ ಸಿಡಿಯಿತು. ಎರ್ರಿಸ್ವಾಮಿ ಹಿಂದಿನಿಂದ ಬೇಡಿಯ ಸರಪಳಿಯನ್ನು ಅವನ ಕುತ್ತಿಗೆಗೆ ಹಾಕಿ ಎಳೆದ. ಇಬ್ಬರೂ ನೆಲಕ್ಕುರುಳಿದರು. ಮಚ್ಚು ಕದ್ದವನನ್ನು ಅದರ ಒಡೆಯ ಎದೆಯ ಮೇಲೆ ಮೊಣಕಾಲೂರಿ ಹಿಡಿದ.

"ಅದು ಸಾಯೋವಾಗಿನ ಕೂಗು ಕಣವ್ವಾ," ಎಂದ ನರಸಪ್ಪ, ಶಿವಲೀಲಾಳನ್ನೇ ನೋಡುತ್ತ. "ನನ್ ತಂಗಿ ಸಾಯೋವಾಗಿನ ಕೂಗು. ನಿನ್ ಗಂಡ ಅವಳನ್ನ ಬೆದರ್ಸಿ ಅದನ್ನ ರೆಕಾರ್ಡ್ ಮಾಡ್ಕಂಡ, ದಿನಾ ಹಾಕಿ ನಗೋನು."

ಶಿವಲೀಲಾ ಕಿವಿ ಮುಚ್ಚಿಕೊಂಡಳು. ತಿಮ್ಮರಾಜು ಮಗನ ತಲೆಯ ಬಳಿ ಕೂತು ಅವನ ಬಾಯಿಯ ರಕ್ತವನ್ನು ಪಂಚೆಯ ಅಂಚಿನಿಂದ ಒರೆಸಿದ.

ಕಾಗದಪತ್ರಗಳ ಕೆಲಸ ಮುಗಿದಾಗ ಬೆಳಗಾಗಿತ್ತು. ಎರ್ರಿಸ್ವಾಮಿಯನ್ನು ನಡುವೆ ನಡೆಸಿಕೊಂಡು ಹೋದೆವು. ಬೀದಿಯ ಜಗಲಿಗಳಲ್ಲಿ ಕೂತಿದ್ದವರು ಎದ್ದು ನಿಂತರು, ಕಲ್ಲೆಸೆದವರೂ ಅವರಲ್ಲಿದ್ದರು. ಅಮ್ಮಾರು ಯಾರನ್ನೂ ನೋಡಲಿಲ್ಲ. ಅವನನ್ನು ಬಾಗಿಲ ಮುಂದೆ ನಿಲ್ಲಿಸಿ, ತಾವು ಪಕ್ಕಕ್ಕೆ ಸರಿದರು.

"ಭುವನಾ," ಎಂದ ಎರ್ರಿಸ್ವಾಮಿ.

ಒಳಗೆ ಅಗುಳಿ ಸರಿಯಿತು.