ಮೂವರಿಗೊಂದೇ ಕೋಟು

ಮೊಳೆ ಖಾಲಿ! ಬೆಳಿಗ್ಗೆ ಮುಖ ತೊಳೆದು ಬಂದ ಕಡ್ಡಿ ಕೂಗಿಕೊಂಡ. ಮಲಗುವ ಮುನ್ನ ಇಸ್ತ್ರಿ ಮಾಡಿ ನೇತುಹಾಕಿದ್ದ ಕೋಟು ಮಂಗಮಾಯ.

ಕಡ್ಡಿ, ಗುಂಡ, ಸಾಹೇಬ — ಕೋಣೆಯ ಮೂವರಿಗೂ ಇದ್ದದ್ದು ಅದೊಂದೇ ಕೋಟು. ಯಾರಿಗೆ ಇಂಟರ್ವ್ಯೂ ಇದೆಯೋ ಅವತ್ತು ಅದು ಅವರದು. ಇನ್ನೊಂದು ಕಟ್ಟಳೆಯೂ ಇತ್ತು — ಇಂಟರ್ವ್ಯೂ ಎಲ್ಲಿ ಎಂದು ಬಾಯಿ ಬಿಡಬಾರದು. ಬಿಟ್ಟರೆ ಉಳಿದವರೂ ಅಲ್ಲೇ ಹೋಗಿ ಸಾಲು ನಿಲ್ಲುತ್ತಾರೆ! ಡಿಗ್ರಿ ಮುಗಿಸಿ ಎರಡು ವರ್ಷ ಚಪ್ಪಲಿ ಸವೆಸಿದ ಕಡ್ಡಿಗೆ ಇವತ್ತಿನ ಇಂಟರ್ವ್ಯೂವೇ ಕೊನೆಯ ಆಸೆ. ಇದೂ ಕೈತಪ್ಪಿದರೆ ಗಂಟುಮೂಟೆ ಕಟ್ಟಿಕೊಂಡು ಅಪ್ಪನ ಮುಂದೆ ತಲೆತಗ್ಗಿಸಿ ನಿಲ್ಲಬೇಕು.

ಅವನ ಕೂಗಿಗೆ ಕೆಳಗಿನ ಮನೆಯೊಡತಿ ಮೇಲೆ ಬಂದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಅವರ ಕಣ್ಣಿಗೆ ನಿವೃತ್ತಿ ಆಗಿರಲಿಲ್ಲ.

"ಬಾಗಿಲು?"

"ಒಳಗಿಂದ ಚಿಲಕ ಹಾಕಿತ್ತು, ಆಂಟಿ."

"ಹಾಗಾದ್ರೆ ಕಳ್ಳ ಒಳಗೇ ಇದ್ದಾನೆ. ಇಂಟರ್ವ್ಯೂ ಎಲ್ಲಿ ಅಂತ ಇವರಿಗೆ ಹೇಳಿದ್ಯಾ?"

"ಇಲ್ಲ."

"ಏನಪ್ಪಾ ಗುಂಡ, ನೀನೇನಾ?"

"ಅಯ್ಯೋ, ನಂಗ್ಯಾರು ಕರೀತಾರೆ ಆಂಟಿ? ಫೋನು ಬಡ್ಕೊಂಡು ಎಷ್ಟು ತಿಂಗಳಾಯ್ತೋ!"

ಸಾಹೇಬ ಬೂಟಿನ ಲೇಸು ಕಟ್ಟುತ್ತಿದ್ದ. ಮೂವರಲ್ಲಿ ಕೆಲಸವಿದ್ದವನು ಅವನೊಬ್ಬನೇ. ಅದಕ್ಕೇ ಆ ಹೆಸರು. "ಕೆಲಸ ಇರೋನಿಗೆ ಕೋಟ್ಯಾಕೆ?" ಎಂದವನು ಕಡ್ಡಿಯ ಬೆನ್ನು ತಟ್ಟಿದ. "ಹಾಗೇ ಹೋಗೋ. ಅಲ್ಲಿ ಎ.ಸಿ. ಕೆಟ್ಟು ವಾರ ಆಯ್ತು, ಯಾರೂ ಕೋಟು ಹಾಕಲ್ಲ."

ಕಡ್ಡಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಸಿಗೆ ಕೊಡವಿದ. ಮಂಚದ ಕೆಳಗೆ, ನೀರಿನ ಡ್ರಮ್ಮಿನ ಹಿಂದೆ — ಎಲ್ಲೂ ಇಲ್ಲ. ಅಳು ಒತ್ತರಿಸಿ ಬಂತು.

"ಹುಡುಕಿದ್ದು ಸಾಕು," ಎಂದರು ಆಂಟಿ. "ಸಾಹೇಬ್ರೇ, ಬ್ಯಾಗು ಬಿಚ್ಚಿ."

"ನಾನ್ಯಾಕೆ—?"

"ಇಂಟರ್ವ್ಯೂ ಎಲ್ಲಿ ಅಂತ ಇವನು ಹೇಳೇ ಇಲ್ಲ. ಅಲ್ಲಿ ಎ.ಸಿ. ಕೆಟ್ಟಿರೋದು ನಿನಗೆ ಹೇಗಪ್ಪಾ ಗೊತ್ತಾಯ್ತು?"

ಸಾಹೇಬ ಬ್ಯಾಗು ಬಿಚ್ಚಿದ. ಊಟದ ಡಬ್ಬಿಯ ಕೆಳಗಿಂದ ಮುದುರಿದ ಕೋಟು ಹೊರಬಂತು.

"ಅದು ನನ್ನ ಆಫೀಸೇ, ಆಂಟಿ. ನಿನ್ನೆ ಇವನ ಅರ್ಜಿ ನನ್ನ ಮೇಜಿಗೇ ಬಂತು. ಕಡಿಮೆ ಸಂಬಳಕ್ಕೆ ಯಾರಾದ್ರೂ ಸಿಕ್ಕ ತಕ್ಷಣ ನನ್ನ ತೆಗೀತಾರೆ."

ಕಡ್ಡಿ ಸಾಹೇಬನ ಕೈ ಹಿಡಿದ. "ನಿನ್ನ ಆಫೀಸು ಅಂತ ಗೊತ್ತಿತ್ತು, ನಾಚಿಕೆಯಿಂದ ಹೇಳ್ಲಿಲ್ಲ. ನಿನ್ನ ಕೆಲಸಾನೇ ಅಂತ ಗೊತ್ತಿರಲಿಲ್ಲ ಕಣೋ, ನಿನ್ನಾಣೆ!"

ಆಂಟಿ ಕೋಟು ಕೊಡವಿ ಕಡ್ಡಿಯ ಕೈಗಿಟ್ಟರು. ಅವನಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

"ನಾ ಹೋಗಲ್ಲ ಬಿಡು."

"ನೀನಲ್ದಿದ್ರೆ ಇನ್ನೊಬ್ಬ ಬರ್ತಾನೆ. ಹೋಗು." ಸಾಹೇಬನೇ ಕೋಟು ತೊಡಿಸಿ ಕಾಲರ್ ಸರಿಮಾಡಿದ. "ನಂದು ಕಿಟಕಿ ಪಕ್ಕದ ಕುರ್ಚಿ ಕಣೋ. ಅದರ ಹಿಂದಿನ ಕಾಲು ಅಲ್ಲಾಡುತ್ತೆ. ಒರಗ್ಬೇಡ."