ಕಿವಿಯ ಹತ್ತಿರ ಹಿಡಿದ ಫೋನು

ಹೆಂಡತಿ ತೀರಿಕೊಂಡು ಎರಡು ವರ್ಷವಾದರೂ ನನ್ನ ಫೋನಿನಲ್ಲಿ ತುರ್ತು ಸಂಪರ್ಕಕ್ಕೆ ಅವಳ ನಂಬರೇ ಇತ್ತು. ಅಳಿಸಲು ಕೈ ಬಂದಿರಲಿಲ್ಲ. ಮೊನ್ನೆ ಮಧ್ಯಾಹ್ನ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುತ್ತಿದ್ದಾಗ ಕುಸಿದುಬಿದ್ದೆ. ಎಚ್ಚರವಾದದ್ದು ಆಸ್ಪತ್ರೆಯಲ್ಲಿ.

“ನಿಮ್ಮ ಮನೆಯವರಿಗೆ ಫೋನ್ ಮಾಡಿದ್ವಿ,” ಎಂದರು ನರ್ಸ್. “ಪೆನಿಸಿಲಿನ್ ಅವರಿಗೆ ಆಗಲ್ಲ, ಕೊಟ್ಟುಗಿಟ್ಟೀರಿ ಜೋಕೆ ಅಂತ ಬೈದ್ರು. ಹೊಲಿಗೆ ಮಷಿನ್ ಸದ್ದು ಬೇರೆ, ಸರಿಯಾಗಿ ಕೇಳಿಸ್ತಾನೇ ಇರ್ಲಿಲ್ಲ.”

ಅವಳ ಆ ಮಷಿನನ್ನು ನಾನು ಕಳೆದ ವರ್ಷವೇ ಮಾರಿದ್ದೆ. ಅಲ್ಲೇ ಮಲಗಿಕೊಂಡು ಅವಳ ನಂಬರ್ ಒತ್ತಿದೆ. ಚಾಲ್ತಿಯಲ್ಲಿಲ್ಲ ಎಂದಿತು.

“ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?”

“ಫೋನನ್ನ ಅವರ ಕಿವಿ ಹತ್ರ ಹಿಡೀರಿ ಅಂದ್ರು. ಹಿಡಿದೆ. ಏನೋ ಹೇಳ್ತಾನೇ ಇದ್ರು.”

ಆ ಕರೆ ಇನ್ನೂ ನನ್ನ ಫೋನಿನ ಕರೆಗಳ ಪಟ್ಟಿಯಲ್ಲಿದೆ. ಹನ್ನೊಂದು ನಿಮಿಷ. ಅಷ್ಟರಲ್ಲಿ ಒಂದೇ ಒಂದು ಮಾತೂ ನನ್ನ ಕಿವಿಗೆ ಬಿದ್ದಿಲ್ಲ.